ತ್ರೀ ಫೇಸ್

ನಾ ಮೈಕ್‌ಸೆಟ್ಟಿನಾಂವ. ತಿಕೋಟಾದಾಗ ಅಂಗಡಿ.
ಮದುವಿ, ಮುಂಜಿ, ಇಲೆಕ್ಷನ್ನು;
ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನೂದರಾಗ
ಇಪ್ಪತ್ತೆರಡು ವರ್ಷ ಸವದಾವು.
ಆಲ್ಬಮ್ ಅಂದ್ರ ನನಗ ಗೊತ್ತಿದ್ದದ್ದು ದಪ್ಪ ರಟ್ಟಿಂದು,
ಫೋಟೋ ಅಂಟಿಸೂದು.
"ಕಾಕಾ, ಆಲ್ಬಮ್ ಮಾಡೂಣು" ಅಂತ ಮೂರು ಮಂದಿ ಬಂದು ನಿಂತಾಗ
"ಕನ್ಯಾ ಯಾ ಊರಿಂದು?" ಅಂದೆ.

ಸಿದರಾಯ. ಸುಟ್ಟ ಪಂಪಿಗೆ ತಾಮ್ರದ ತಂತಿ ಸುತ್ತಾಂವ,
ಆ ಬೆರಳಿಗೇ ಬಾಸ್ ಗಿಟಾರು.
ಅಲ್ತಾಫ. ಗುಜರಿಯಿಂದ ತಂದ ಕೀಬೋರ್ಡಿನಾಗ
ಏಳು ಮಣಿ ಸತ್ತಿದ್ದವು; ಸತ್ತದ್ದನ್ನೂ ಒತ್ತಾಂವ,
"ಅಲ್ಲೂ ಒಂದು ಐತಿ, ಕೇಳಸೂದಿಲ್ಲ ಅಷ್ಟಽ."
ಚಂದ್ರಭಾಗಾ. ದವಾಖಾನಿಯ ನೈಟ್ ಡ್ಯೂಟಿ ನರ್ಸು.
ಹಾಡು ಬರೀತಿರಲಿಲ್ಲ ಆಕಿ. ವಾರ್ಡಿನಾಗ ಮಂದಿ
ನಿದ್ದಿಗಣ್ಣಾಗ ಕರೆಯೂ ಹೆಸರು, ಬಯ್ಯೂ ಬೈಗಳಾ,
ಕೇಳೂ ನೀರು,
ಅದನ್ನಽ ಉದ್ದಕ ಎಳದು ಎಳದು ಹಾಡತಿದ್ಲು.

ಸ್ಟುಡಿಯೋ ಅಂದ್ರ ಮಣೂಕದ ಶೆಡ್ಡು.
ಹನ್ನೊಂದು ಅಂತಸ್ತು ಜಾಳಿಗಿ, ತುಂಬ ದ್ರಾಕ್ಷಿ,
ಅರ್ಧ ಒಣಗಿದ್ದು, ಅರ್ಧ ಇನ್ನೂ ಯೋಚನಿ ಮಾಡತಿದ್ದದ್ದು.
ಗಂಧಕದ ವಾಸನಿ. ಸುತ್ತಲೂ ಹಸಿರು ಪರದಾ.
ಚಪ್ಪಾಳಿ ಹೊಡದ್ರ ಸಪ್ಪಳ ತಿರುಗಿ ಬರಲಿಲ್ಲ,
ಜೋಳದ ಚೀಲಕ್ಕ ಗುದ್ದಿದಂಗ.
ದ್ರಾಕ್ಷಿ ಕುಡದಬಿಟ್ಟಿದ್ದವು.

ಪೂರಾ ಕರೆಂಟು ರಾತ್ರಿ ಎರಡರ ಮ್ಯಾಲ.
ಅದಕ್ಕಽ ಬ್ಯಾಂಡಿನ ಹೆಸರೂ ತ್ರೀ ಫೇಸ್.
ಕರೆಂಟು ಬಂತಂದ್ರ ಸುತ್ತಿನ ತ್ವಾಟದಾಗ
ಒಂದೊಂದಽ ಮೋಟಾರು ಏಳತಿದ್ದವು,
ಟೀಸಿ ಗುಂಯ್ ಅಂತಿತ್ತು,
ನನ್ನ ಸ್ಪೀಕರಿನಾಗೂ ಗುಂಯ್.
ಗುಂಯ್ ತಗಿಯೂದಽ ನನ್ನ ಕಸಬು.
ವೈರು ಬದಲಿಸಿದೆ, ಅರ್ಥಿಂಗ್ ರಾಡಿನ ಬುಡಕ್ಕ
ಉಪ್ಪುನೀರು ಹೊಯ್ದೆ.
ಸಿದರಾಯ ಕೈ ಹಿಡದ: "ಇರ್ಲಿ ಕಾಕಾ. ಅದಽ ಶ್ರುತಿ."
ತನ್ನ ದಪ್ಪ ತಂತಿ ತಿರುವಿ ತಿರುವಿ
ಟೀಸಿಗೆ ಕೂಡಿಸಿದ.
ಎರಡೂ ಒಂದಾದಾಗ ನೆಲ ಇಲ್ಲದಂಗಾತು ನೋಡ್ರಿ,
ಮೊಳಕಾಲಾಗ.

ಊರಾಗ ಕೇಳಿದ್ರು: ಏನ್ ಸೇದತಾರ ಅವ್ರು?
ಬೆಲ್ಲದ ಚಾ. ಕೆಳಗ ಉದರಿದ ಮಣೂಕ.
ನಾನೂ ಅಷ್ಟಽ ತಿಂದದ್ದು. ಆದ್ರೂ ನಾಕರ ಹೊತ್ತಿಗೆ
ಚಂದ್ರಭಾಗಾ "ನೀರು" ಅಂದದ್ದನ್ನ
ಅಲ್ತಾಫ ಉಲ್ಟಾ ತಿರುವಿ ಹೆಡ್‌ಫೋನಿಗೆ ಬಿಟ್ಟಾಗ
ಆ ಪರದಾದ ಹಸಿರು
ನನ್ನ ಬಾಯಾಗ ಹುಳಿ ಹುಳಿ ಹತ್ತಿತು.
ಹೆಂಡತಿಗೆ ಇದನ್ನ ಹೇಳಿಲ್ಲ.

"ಗೋಳಗುಮ್ಮಟಕ್ಕ ಹೋಗ್ರಲೇ, ಒಂದು ಕೊಟ್ರ ಏಳು ಕೊಡತೈತಿ"
ಅಂತ ಹೇಳದಾವ್ರಽ ಇಲ್ಲ. ಹೋದ್ರು.
ಬಾಯಿ ತಗಿಯೂದರೊಳಗ ಕಾವಲಿನಾಂವ ಸೀಟಿ ಊದಿದ.
ಏಳು ಸೀಟಿ ತಗೊಂಡು ಬಂದ್ರು.
ಎರಡನೇ ಟ್ರ್ಯಾಕು ಪೂರಾ ಅದಽ.
ಪಾಪ, ಆಂವಗ ಗೊತ್ತಿಲ್ಲ.

ಏಪ್ರಿಲ್‌ದಾಗ ಲಾರಿ ಬಂತು. ಮಣೂಕ ತಾಸಗಾಂವ ಪೇಟಿಗೆ ಹೋತು.
ಖಾಲಿ ಶೆಡ್ಡಿನಾಗ ಅದಽ ಹಾಡು ಹಾಡಿದ್ರ
ದನಿ ತಗಡಿಗೆ ಬಡದು ಬಡದು ಓಡಾಡಿತು,
ಮಾಸ್ತರ ಹೊರಗ ಹೋದ ವರ್ಗದಂಗ.
ಎಲ್ಲಾ ಮೊದಲಿಂದ ಮಾಡೂಣು, ಅಂದ ಸಿದರಾಯ.
ಒಲ್ಲೆ, ಅಂದ್ಲು ಚಂದ್ರಭಾಗಾ,
ಕುಡದದ್ದನ್ನ ವಾಂತಿ ಮಾಡಸಬ್ಯಾಡ.
ಎಂಟು ದಿನ ಮಾತಿಲ್ಲ, ಕತಿಯಿಲ್ಲ.
ಕಡೀಕ ಐದು ಹಾಡು ದ್ರಾಕ್ಷಿಯಾಗ ಮುಳುಗಿದ್ದು,
ಮೂರು ಬಯಲಾಗಿದ್ದು,
ನಡುವ ಲಾರಿ ಸ್ಟಾರ್ಟ್ ಆಗದಽ ಕೆಮ್ಮೂ ಸಪ್ಪಳ.

ಹೊರಬಿತ್ತು. ಕವರಿನ ಮ್ಯಾಲ ಟೀಸಿ ಚಿತ್ರ,
ಹಿಂದ ಸಣ್ಣಕ ನನ್ನ ಅಂಗಡಿ ಹೆಸರು, ಫೋನ್ ನಂಬರು ಸುದ್ದಾ.
ಮುನ್ನೂರಾ ಹನ್ನೊಂದು ಸಲ ಕೇಳ್ಯಾರಂತ.
ಅದರಾಗ ನಲವತ್ತು ನಾನಽ.
ಒಬ್ಬಾಂವ ಫೋನ್ ಮಾಡಿ, ಶಾಮಿಯಾನಾನೂ ಕೊಡತೀರೇನು ಅಂದ.

ಮೊನ್ನಿ ಬಬಲೇಶ್ವರದಾಗ ಮದುವಿ.
ಅಕ್ಷತಾ ಹಾಕೂ ಹೊತ್ತಿಗೆ ಸ್ಪೀಕರು ಗುಂಯ್ ಅಂತು.
ಐನಾರು ನೋಡಿದ್ರು, ಬೀಗರು ನೋಡಿದ್ರು.
ವೈರು ನನ್ನ ಕೈಯಾಗಽ ಇತ್ತು.
ಒಂದೀಟು ತಡದೆ.